ಇನ್‌ಫ್ಲುಯೆಂಜಾ ವೈರಸ್‌ನ ಮೇಲ್ಮೈ ಪ್ರೋಟೀನ್‌ಗಳ ಉತ್ಪರಿವರ್ತನೆ

ಇನ್‌ಫ್ಲುಯೆಂಜಾ ವೈರಸ್‌ನ ಹೊರಕವಚದಲ್ಲಿ ಹೀಮಾಗ್ಲುಟಿನಿನ್ ಮತ್ತು ನ್ಯೂರಮಿನಿಡೇಸ್ ಎಂಬ ಎರಡು ಮುಖ್ಯ ಪ್ರೋಟೀನ್‌ಗಳಿವೆ. ಇವುಗಳಲ್ಲಿ ಉಂಟಾಗುವ ಉತ್ಪರಿವರ್ತನೆಗಳು, ಅಂದರೆ ಮ್ಯುಟೇಶನ್‌ಗಳು, ವೈರಸ್ ಯಾವ ಪ್ರಾಣಿಯ ಯಾವ ಜೀವಕೋಶಕ್ಕೆ ಎಷ್ಟು ಬಿಗಿಯಾಗಿ ಅಂಟಿಕೊಳ್ಳುತ್ತದೆ ಎಂಬುದನ್ನು ಬದಲಿಸಬಲ್ಲವು. ಹಕ್ಕಿಜ್ವರದ ವೈರಸ್ ಸಾಮಾನ್ಯವಾಗಿ ಮನುಷ್ಯರಿಂದ ಮನುಷ್ಯರಿಗೆ ಹರಡದಿರುವುದಕ್ಕೆ ಹಾಗೂ ಫ್ಲೂ ಲಸಿಕೆಯನ್ನು ಪದೇ ಪದೇ ಪರಿಷ್ಕರಿಸಬೇಕಾಗುವುದಕ್ಕೆ ಇರುವ ಪ್ರಮುಖ ಕಾರಣಗಳು ಈ ಪ್ರೋಟೀನ್‌ಗಳಲ್ಲಿವೆ. ಕೆಲವು ಸಂದರ್ಭಗಳಲ್ಲಿ ಒಂದೆರಡು ಅಮೈನೋ ಆಮ್ಲಗಳ ಬದಲಾವಣೆಯೇ ವೈರಸ್‌ನ ಆತಿಥೇಯ ಜೀವಿಯನ್ನು ಬದಲಿಸಲು ಸಾಕಾಗುತ್ತದೆ. ಭಾರತದಲ್ಲಿ ಈ ವಿಷಯವು 2015ರ ಹಂದಿಜ್ವರದ ಸಂದರ್ಭದಲ್ಲಿ ಸಾರ್ವಜನಿಕ ಚರ್ಚೆಗೆ ಒಳಗಾಯಿತು.

ವೈರಸ್‌ನ ರಚನೆ

ಇನ್‌ಫ್ಲುಯೆಂಜಾ ವೈರಸ್‌ಗಳು ಆರ್ಥೋಮಿಕ್ಸೊವಿರಿಡೇ ಕುಟುಂಬಕ್ಕೆ ಸೇರಿವೆ. ಇವುಗಳಲ್ಲಿ ಎ, ಬಿ, ಸಿ ಮತ್ತು ಡಿ ಎಂಬ ನಾಲ್ಕು ವಿಧಗಳಿವೆ. ಮನುಷ್ಯರಲ್ಲಿ ಋತುಮಾನದ ಜ್ವರವನ್ನು ಉಂಟುಮಾಡುವವು ಮುಖ್ಯವಾಗಿ ಎ ಮತ್ತು ಬಿ ವಿಧಗಳು. ಇದುವರೆಗಿನ ಮಹಾಸಾಂಕ್ರಾಮಿಕಗಳಿಗೆ ಕಾರಣವಾಗಿರುವುದು ಎ ವಿಧ ಮಾತ್ರ. ಎ ವಿಧದ ವೈರಸ್‌ನ ಆನುವಂಶಿಕ ವಸ್ತುವು ಎಂಟು ತುಂಡುಗಳಾಗಿರುವ ಆರ್‌ಎನ್‌ಎ ಆಗಿದ್ದು, ಅದರಲ್ಲಿ ಒಟ್ಟು ಸುಮಾರು 13,500 ನ್ಯೂಕ್ಲಿಯೊಟೈಡ್‌ಗಳಿವೆ. ಈ ಆರ್‌ಎನ್‌ಎಯನ್ನು ನಕಲು ಮಾಡುವ ಕಿಣ್ವಕ್ಕೆ ತಪ್ಪು ತಿದ್ದುವ ಸಾಮರ್ಥ್ಯವಿಲ್ಲ. ಆದ್ದರಿಂದ ಪ್ರತಿ ಸೋಂಕಿನಲ್ಲಿಯೂ ಅಲ್ಪಸ್ವಲ್ಪ ಭಿನ್ನವಾದ ಅಸಂಖ್ಯಾತ ವೈರಸ್ ಕಣಗಳು ಹುಟ್ಟುತ್ತವೆ. ಅವುಗಳಲ್ಲಿ ಬಹುಪಾಲು ನಿಷ್ಪ್ರಯೋಜಕವಾಗಿ ನಶಿಸುತ್ತವೆ. ಹೊಸ ಪರಿಸ್ಥಿತಿಗೆ ಹೊಂದಿಕೊಳ್ಳುವ ಕೆಲವು ಮಾತ್ರ ಉಳಿದು ಹೆಚ್ಚುತ್ತವೆ.

ವೈರಸ್ ಕಣದ ಮೇಲ್ಮೈಯಲ್ಲಿ ನೂರಾರು ಮುಳ್ಳುಗಳಂತಹ ರಚನೆಗಳಿವೆ. ಅವುಗಳಲ್ಲಿ ಹೆಚ್ಚಿನವು ಹೀಮಾಗ್ಲುಟಿನಿನ್. ಇದು ಮೂರು ಸಮಾನ ಘಟಕಗಳು ಹೆಣೆದುಕೊಂಡು ಆದ ಪ್ರೋಟೀನ್. ಪ್ರತಿ ಘಟಕದ ತುದಿಯಲ್ಲಿ ಗುಂಡಗಿನ ತಲೆಯೂ, ಅದರ ಕೆಳಗೆ ಉದ್ದನೆಯ ಕಾಂಡವೂ ಇರುತ್ತವೆ. ತಲೆಯ ಮೇಲ್ಭಾಗದಲ್ಲಿರುವ ಆಳವಿಲ್ಲದ ಕುಳಿಯೇ ಜೀವಕೋಶಕ್ಕೆ ಅಂಟುವ ಸ್ಥಳವಾಗಿದೆ. ಎರಡನೆಯ ಪ್ರೋಟೀನ್ ಆದ ನ್ಯೂರಮಿನಿಡೇಸ್ ನಾಲ್ಕು ಘಟಕಗಳ ಕಿಣ್ವ. ಎ ವಿಧದ ವೈರಸ್‌ಗಳನ್ನು ಎಚ್‌1ಎನ್‌1, ಎಚ್‌3ಎನ್‌2, ಎಚ್‌5ಎನ್‌1 ಮುಂತಾಗಿ ಹೆಸರಿಸುವಾಗ ಎಚ್ ಎಂಬುದು ಹೀಮಾಗ್ಲುಟಿನಿನ್‌ನ ಪ್ರಭೇದವನ್ನೂ, ಎನ್ ಎಂಬುದು ನ್ಯೂರಮಿನಿಡೇಸ್‌ನ ಪ್ರಭೇದವನ್ನೂ ಸೂಚಿಸುತ್ತದೆ.

ಜೀವಕೋಶದಲ್ಲಿರುವ ಗ್ರಾಹಿಗಳು

ಪ್ರಾಣಿಗಳ ಜೀವಕೋಶಗಳ ಹೊರಮೈಯಲ್ಲಿ ಸಕ್ಕರೆಯ ಅಣುಗಳ ಸರಪಳಿಗಳು ಇರುತ್ತವೆ. ಹಲವು ಸರಪಳಿಗಳ ತುದಿಯಲ್ಲಿ ಸಯಾಲಿಕ್ ಆಮ್ಲ ಎಂಬ ಸಕ್ಕರೆಯಿರುತ್ತದೆ. ಇನ್‌ಫ್ಲುಯೆಂಜಾ ಎ ಮತ್ತು ಬಿ ವೈರಸ್‌ಗಳಿಗೆ ಇದೇ ಗ್ರಾಹಿ, ಅಂದರೆ ರಿಸೆಪ್ಟರ್. ಬಾವಲಿಗಳಲ್ಲಿ ಪತ್ತೆಯಾದ ಎಚ್‌17 ಮತ್ತು ಎಚ್‌18 ಪ್ರಭೇದಗಳು ಇದಕ್ಕೆ ಅಪವಾದವಾಗಿವೆ. ಅವು ಸಯಾಲಿಕ್ ಆಮ್ಲದ ಬದಲು ರೋಗನಿರೋಧಕ ವ್ಯವಸ್ಥೆಗೆ ಸೇರಿದ ಎಂಎಚ್‌ಸಿ ಎರಡನೆಯ ವರ್ಗದ ಪ್ರೋಟೀನ್‌ಗಳನ್ನು ಹಿಡಿಯುತ್ತವೆ.

ಸಯಾಲಿಕ್ ಆಮ್ಲವು ತನ್ನ ಪಕ್ಕದ ಗ್ಯಾಲಕ್ಟೋಸ್ ಸಕ್ಕರೆಗೆ ಮುಖ್ಯವಾಗಿ ಎರಡು ರೀತಿಗಳಲ್ಲಿ ಜೋಡಣೆಯಾಗುತ್ತದೆ. ಗ್ಯಾಲಕ್ಟೋಸ್‌ನ ಮೂರನೆಯ ಇಂಗಾಲಕ್ಕೆ ಸೇರಿದ್ದರೆ ಅದನ್ನು ಆಲ್ಫಾ-2,3 ಜೋಡಣೆಯೆಂದೂ, ಆರನೆಯ ಇಂಗಾಲಕ್ಕೆ ಸೇರಿದ್ದರೆ ಆಲ್ಫಾ-2,6 ಜೋಡಣೆಯೆಂದೂ ಕರೆಯಲಾಗುತ್ತದೆ. ಮೊದಲನೆಯದು ಬಾತುಕೋಳಿ ಮೊದಲಾದ ನೀರುಹಕ್ಕಿಗಳ ಕರುಳಿನಲ್ಲಿ ಹೇರಳವಾಗಿದೆ. ಮನುಷ್ಯರ ಮೂಗು, ಗಂಟಲು ಮತ್ತು ಶ್ವಾಸನಾಳದಲ್ಲಿ ಎರಡನೆಯದು ಪ್ರಧಾನವಾಗಿದೆ. ಮನುಷ್ಯರ ಶ್ವಾಸಕೋಶದ ಆಳದಲ್ಲಿರುವ ಗಾಳಿಗೂಡುಗಳ ಕೆಲವು ಜೀವಕೋಶಗಳಲ್ಲಿ ಆಲ್ಫಾ-2,3 ಜೋಡಣೆಯೂ ಕಂಡುಬರುತ್ತದೆ. ಹಂದಿಗಳ ಶ್ವಾಸಮಾರ್ಗದಲ್ಲಿ ಎರಡೂ ಬಗೆಗಳಿವೆ. ಇದರಿಂದ ಹಕ್ಕಿಯ ಮತ್ತು ಮನುಷ್ಯರ ವೈರಸ್‌ಗಳು ಒಂದೇ ಹಂದಿಯಲ್ಲಿ ಸೇರಿ ತಮ್ಮ ಆರ್‌ಎನ್‌ಎ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುವ ಸಾಧ್ಯತೆಯಿದೆ.

ಸಯಾಲಿಕ್ ಆಮ್ಲದ ಜೋಡಣೆಯ ಜೊತೆಗೆ ಸಕ್ಕರೆ ಸರಪಳಿಯ ಒಟ್ಟಾರೆ ಆಕಾರವೂ ಮುಖ್ಯವೆಂದು 2008ರಲ್ಲಿ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ರಾಮ್ ಶಶಿಶೇಖರನ್ ಅವರ ತಂಡ ವಿವರಿಸಿತು. ಆಲ್ಫಾ-2,3 ಸರಪಳಿಗಳು ಶಂಕುವಿನಂತಹ ಆಕಾರವನ್ನೂ, ಉದ್ದನೆಯ ಆಲ್ಫಾ-2,6 ಸರಪಳಿಗಳು ಬಿಡಿಸಿದ ಕೊಡೆಯಂತಹ ಆಕಾರವನ್ನೂ ತಳೆಯುತ್ತವೆ. ಈ ವಿವರಣೆಯ ಪ್ರಕಾರ ಮನುಷ್ಯರಿಗೆ ಹೊಂದಿಕೊಂಡ ವೈರಸ್‌ನ ಕುಳಿಯು ಕೊಡೆಯಾಕಾರಕ್ಕೆ ತಕ್ಕುದಾಗಿರಬೇಕು.

ಅಂಟುವಿಕೆಯ ಕ್ರಮ

ಒಂದು ಹೀಮಾಗ್ಲುಟಿನಿನ್ ಘಟಕಕ್ಕೂ ಒಂದು ಸಯಾಲಿಕ್ ಆಮ್ಲಕ್ಕೂ ನಡುವಿನ ಬಂಧ ಬಹಳ ದುರ್ಬಲವಾದುದು. ಆದರೆ ವೈರಸ್‌ನ ಅನೇಕ ಮುಳ್ಳುಗಳು ಏಕಕಾಲದಲ್ಲಿ ಜೀವಕೋಶದ ಅನೇಕ ಸಕ್ಕರೆಗಳನ್ನು ಹಿಡಿಯುವುದರಿಂದ ಒಟ್ಟು ಹಿಡಿತ ಬಲವಾಗುತ್ತದೆ. ಆದ್ದರಿಂದ ಒಂದೊಂದು ಬಂಧದ ಬಲದಲ್ಲಿ ಆಗುವ ಸಣ್ಣ ವ್ಯತ್ಯಾಸವೂ ಒಟ್ಟು ಹಿಡಿತದಲ್ಲಿ ದೊಡ್ಡ ವ್ಯತ್ಯಾಸವಾಗಿ ಪರಿಣಮಿಸುತ್ತದೆ.

ಅಂಟಿದ ವೈರಸ್ಸನ್ನು ಜೀವಕೋಶವು ಚೀಲದಂತಹ ಪೊರೆಯಲ್ಲಿ ಒಳಗೆ ಸೆಳೆದುಕೊಳ್ಳುತ್ತದೆ. ಆ ಚೀಲದೊಳಗೆ ಆಮ್ಲತೆ ಹೆಚ್ಚಿದಾಗ ಹೀಮಾಗ್ಲುಟಿನಿನ್ ತನ್ನ ಆಕಾರವನ್ನು ಬದಲಿಸಿ, ವೈರಸ್‌ನ ಪೊರೆ ಮತ್ತು ಚೀಲದ ಪೊರೆಗಳನ್ನು ಒಂದುಗೂಡಿಸುತ್ತದೆ. ಆಗ ವೈರಸ್‌ನ ಆರ್‌ಎನ್‌ಎ ಜೀವಕೋಶದೊಳಕ್ಕೆ ಸೇರುತ್ತದೆ. ಇದು ನಡೆಯಬೇಕಾದರೆ ಹೀಮಾಗ್ಲುಟಿನಿನ್ ಅನ್ನು ಆತಿಥೇಯನ ಕಿಣ್ವವೊಂದು ಮೊದಲೇ ಎರಡು ಭಾಗಗಳಾಗಿ ಕತ್ತರಿಸಿರಬೇಕು. ಋತುಮಾನದ ಫ್ಲೂ ವೈರಸ್‌ಗಳಲ್ಲಿ ಈ ಕೆಲಸವನ್ನು ಶ್ವಾಸಮಾರ್ಗದ ಕಿಣ್ವಗಳು ಮಾಡುತ್ತವೆ. ಅತಿರೋಗಕಾರಕ ಎಚ್‌5 ಮತ್ತು ಎಚ್‌7 ವೈರಸ್‌ಗಳ ಕತ್ತರಿಕೆಯ ಸ್ಥಳದಲ್ಲಿ ಹಲವು ಕ್ಷಾರೀಯ ಅಮೈನೋ ಆಮ್ಲಗಳು ಸೇರಿಕೊಂಡಿರುತ್ತವೆ. ದೇಹದ ಬಹುತೇಕ ಎಲ್ಲ ಅಂಗಗಳಲ್ಲಿರುವ ಫ್ಯೂರಿನ್ ಎಂಬ ಕಿಣ್ವವೂ ಅವನ್ನು ಕತ್ತರಿಸಬಲ್ಲದು. ಕೋಳಿಗಳಲ್ಲಿ ಈ ವೈರಸ್ ದೇಹವಿಡೀ ಹರಡಿ ಸಾಮೂಹಿಕ ಸಾವಿಗೆ ಕಾರಣವಾಗುವುದು ಇದರಿಂದಲೇ.

ಅಂಟುವಿಕೆಯನ್ನು ಬದಲಿಸಿದ ಉತ್ಪರಿವರ್ತನೆಗಳು

ಹೀಮಾಗ್ಲುಟಿನಿನ್‌ನ ತ್ರಿವಿಮ ರಚನೆಯನ್ನು 1981ರಲ್ಲಿ ಇಯಾನ್ ವಿಲ್ಸನ್, ಜಾನ್ ಸ್ಕೆಹೆಲ್ ಮತ್ತು ಡಾನ್ ವೈಲಿ ಪ್ರಕಟಿಸಿದರು. 226ನೆಯ ಸ್ಥಾನದ ಒಂದೇ ಅಮೈನೋ ಆಮ್ಲದ ಬದಲಾವಣೆಯಿಂದ ವೈರಸ್ ಹಿಡಿಯುವ ಗ್ರಾಹಿಯ ಬಗೆ ಬದಲಾಗುತ್ತದೆಂದು 1983ರಲ್ಲಿ ತೋರಿಸಲಾಯಿತು. ಕೆಳಗಿನ ವಿವರಗಳಲ್ಲಿ ಸ್ಥಾನಗಳ ಸಂಖ್ಯೆಯನ್ನು ಎಚ್‌3 ಕ್ರಮದಲ್ಲಿ ಕೊಡಲಾಗಿದೆ. ಬೇರೆ ಕ್ರಮಗಳನ್ನು ಅನುಸರಿಸುವ ಬರಹಗಳಲ್ಲಿ ಇದೇ ಸ್ಥಾನಗಳಿಗೆ ಬೇರೆ ಸಂಖ್ಯೆಗಳಿರಬಹುದು.

1918ರ ಎಚ್‌1ಎನ್‌1: ಹಕ್ಕಿಗಳ ಎಚ್‌1 ವೈರಸ್‌ಗಳಲ್ಲಿ 190ನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲವೂ, 225ನೆಯ ಸ್ಥಾನದಲ್ಲಿ ಗ್ಲೈಸಿನ್ ಕೂಡ ಸಾಮಾನ್ಯ. 1918ರ ಮಹಾಸಾಂಕ್ರಾಮಿಕದ ವೈರಸ್‌ನಲ್ಲಿ ಈ ಎರಡೂ ಸ್ಥಾನಗಳಿಗೆ ಆಸ್ಪಾರ್ಟಿಕ್ ಆಮ್ಲ ಬಂದಿತ್ತು. 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಪುನಾರಚಿಸಿದ 1918ರ ವೈರಸ್‌ನ ಈ ಎರಡು ಸ್ಥಾನಗಳನ್ನು ಹಕ್ಕಿಯ ಮಾದರಿಗೆ ಹಿಂದಿರುಗಿಸಲಾಯಿತು. ಆಗ ವೈರಸ್ ಫೆರೆಟ್ ಎಂಬ ಪ್ರಾಣಿಗಳಲ್ಲಿ ಮಾರಕವಾಗಿಯೇ ಉಳಿಯಿತಾದರೂ ಒಂದರಿಂದ ಇನ್ನೊಂದಕ್ಕೆ ಹರಡಲಿಲ್ಲ. ರೋಗದ ತೀವ್ರತೆ ಮತ್ತು ಹರಡುವ ಸಾಮರ್ಥ್ಯಗಳು ಪ್ರತ್ಯೇಕ ಗುಣಗಳೆಂಬುದು ಇದರಿಂದ ಸ್ಪಷ್ಟವಾಯಿತು.

1957ರ ಎಚ್‌2ಎನ್‌2 ಮತ್ತು 1968ರ ಎಚ್‌3ಎನ್‌2: ಈ ಎರಡೂ ಮಹಾಸಾಂಕ್ರಾಮಿಕಗಳ ವೈರಸ್‌ಗಳು ಹಕ್ಕಿಗಳ ಹೀಮಾಗ್ಲುಟಿನಿನ್ ಅನ್ನು ಪಡೆದಿದ್ದವು. ಅವು ಮನುಷ್ಯರಿಗೆ ಹೊಂದಿಕೊಳ್ಳುವಾಗ 226ನೆಯ ಸ್ಥಾನದ ಗ್ಲುಟಮಿನ್ ಹೋಗಿ ಲ್ಯೂಸಿನ್ ಬಂದಿತು. 228ನೆಯ ಸ್ಥಾನದ ಗ್ಲೈಸಿನ್ ಹೋಗಿ ಸೆರಿನ್ ಬಂದಿತು. ಗ್ಲುಟಮಿನ್ ನೀರನ್ನು ಸೆಳೆಯುವ ಗುಣದ್ದು. ಲ್ಯೂಸಿನ್ ನೀರನ್ನು ದೂರವಿಡುವ ಗುಣದ್ದು. ಈ ಬದಲಾವಣೆಯಿಂದ ಕುಳಿಯು ಆಲ್ಫಾ-2,6 ಸಕ್ಕರೆಗೆ ಅನುಕೂಲವಾಯಿತು.

2009ರ ಎಚ್‌1ಎನ್‌1: ಹಂದಿಗಳಿಂದ ಬಂದ ಈ ವೈರಸ್ ಆರಂಭದಿಂದಲೇ ಆಲ್ಫಾ-2,6 ಗ್ರಾಹಿಗಳನ್ನು ಹಿಡಿಯುತ್ತಿತ್ತು. ನಾರ್ವೆಯಲ್ಲಿ ಕೆಲವು ತೀವ್ರ ರೋಗಿಗಳ ವೈರಸ್‌ನಲ್ಲಿ 225ನೆಯ ಸ್ಥಾನದ ಆಸ್ಪಾರ್ಟಿಕ್ ಆಮ್ಲ ಗ್ಲೈಸಿನ್ ಆಗಿ ಬದಲಾಗಿದ್ದುದು 2009ರ ನವೆಂಬರಿನಲ್ಲಿ ವರದಿಯಾಯಿತು. ಇದನ್ನು ಡಿ225ಜಿ ಎಂದು, ಎಚ್‌1 ಕ್ರಮದ ಸಂಖ್ಯೆಯಲ್ಲಿ ಡಿ222ಜಿ ಎಂದು ಬರೆಯಲಾಗುತ್ತದೆ. ಅಲ್ಲಿ ಪರೀಕ್ಷಿಸಿದ 61 ತೀವ್ರ ಪ್ರಕರಣಗಳ ಪೈಕಿ 11ರಲ್ಲಿ ಇದು ಕಂಡುಬಂದರೆ, 205 ಸೌಮ್ಯ ಪ್ರಕರಣಗಳ ಪೈಕಿ ಒಂದರಲ್ಲಿಯೂ ಕಂಡುಬರಲಿಲ್ಲ. ಈ ಬದಲಾವಣೆ ಹೊಂದಿದ ವೈರಸ್ ಆಲ್ಫಾ-2,3 ಗ್ರಾಹಿಗಳಿಗೂ ಅಂಟಬಲ್ಲುದರಿಂದ ಶ್ವಾಸಕೋಶದ ಆಳಕ್ಕೆ ಸುಲಭವಾಗಿ ಇಳಿಯುತ್ತದೆ. ಆದರೆ ಅದು ಜನರ ನಡುವೆ ವ್ಯಾಪಕವಾಗಿ ಹರಡಲಿಲ್ಲ. ಅನೇಕ ರೋಗಿಗಳಲ್ಲಿ ಸೋಂಕು ಆಳಕ್ಕೆ ಇಳಿದ ಮೇಲೆ ದೇಹದೊಳಗೇ ಈ ಬದಲಾವಣೆ ಉಂಟಾಗುತ್ತದೆಂದು ಭಾವಿಸಲಾಗಿದೆ.

ಎಚ್‌5ಎನ್‌1: ಹಕ್ಕಿಜ್ವರದ ಈ ವೈರಸ್ ಆಲ್ಫಾ-2,3 ಗ್ರಾಹಿಗಳನ್ನು ಮೆಚ್ಚುತ್ತದೆ. 2012ರಲ್ಲಿ ನೆದರ್ಲೆಂಡ್ಸ್‌ನ ರಾನ್ ಫೌಶಿಯೇ ಮತ್ತು ಜಪಾನ್ ಮೂಲದ ಯೊಶಿಹಿರೊ ಕವಾವೊಕ ಅವರ ತಂಡಗಳು ಪ್ರತ್ಯೇಕವಾಗಿ ಪ್ರಯೋಗಗಳನ್ನು ಪ್ರಕಟಿಸಿದವು. ಎಚ್‌5 ಹೀಮಾಗ್ಲುಟಿನಿನ್ ಹೊಂದಿದ ವೈರಸ್ ಬೆರಳೆಣಿಕೆಯ ಉತ್ಪರಿವರ್ತನೆಗಳಿಂದ ಫೆರೆಟ್‌ಗಳ ನಡುವೆ ಗಾಳಿಯ ಮೂಲಕ ಹರಡಬಲ್ಲದೆಂದು ಅವು ತೋರಿಸಿದವು. ಎರಡರಲ್ಲಿಯೂ 226ನೆಯ ಸ್ಥಾನಕ್ಕೆ ಲ್ಯೂಸಿನ್ ಬಂದಿತ್ತು. ಅದರ ಜೊತೆಗೆ ಗ್ರಾಹಿಯ ಕುಳಿಯ ಸಮೀಪದ ಒಂದು ಸಕ್ಕರೆ ಸರಪಳಿಯನ್ನು ಕಳೆಯುವ ಹಾಗೂ ಹೀಮಾಗ್ಲುಟಿನಿನ್‌ನ ಸ್ಥಿರತೆಯನ್ನು ಹೆಚ್ಚಿಸುವ ಬದಲಾವಣೆಗಳೂ ಇದ್ದವು. ಇಂತಹ ಸಂಶೋಧನೆ ನಡೆಸಬೇಕೆ, ಅದರ ವಿವರಗಳನ್ನು ಪ್ರಕಟಿಸಬೇಕೆ ಎಂಬ ವಿಷಯದಲ್ಲಿ ಜಾಗತಿಕ ಮಟ್ಟದ ವಿವಾದ ಉಂಟಾಯಿತು. 2024ರಲ್ಲಿ ಅಮೆರಿಕದ ಹಾಲು ಕೊಡುವ ಹಸುಗಳಲ್ಲಿ ಎಚ್‌5ಎನ್‌1 ಹರಡಿತು. ಆ ಗುಂಪಿನ ವೈರಸ್‌ನ ಹೀಮಾಗ್ಲುಟಿನಿನ್‌ನಲ್ಲಿ 226ನೆಯ ಸ್ಥಾನದ ಒಂದೇ ಬದಲಾವಣೆ ಅದನ್ನು ಮನುಷ್ಯರ ಗ್ರಾಹಿಯತ್ತ ತಿರುಗಿಸಲು ಸಾಕೆಂದು ಅದೇ ವರ್ಷದ ಡಿಸೆಂಬರಿನಲ್ಲಿ ಪ್ರಯೋಗಾಲಯದ ಅಧ್ಯಯನವೊಂದು ವರದಿ ಮಾಡಿತು. ಗ್ರಾಹಿಯ ಬದಲಾವಣೆಯೊಂದೇ ಮಹಾಸಾಂಕ್ರಾಮಿಕಕ್ಕೆ ಸಾಕಾಗುವುದಿಲ್ಲ. ವೈರಸ್‌ನ ನಕಲುಮಾಡುವ ಕಿಣ್ವವೂ ಮನುಷ್ಯರ ಜೀವಕೋಶಗಳಿಗೆ ಹೊಂದಿಕೊಳ್ಳಬೇಕಾಗುತ್ತದೆ.

ನ್ಯೂರಮಿನಿಡೇಸ್‌ನೊಂದಿಗಿನ ಸಮತೋಲನ

ಹೀಮಾಗ್ಲುಟಿನಿನ್ ಹಿಡಿಯುವ ಸಯಾಲಿಕ್ ಆಮ್ಲವನ್ನೇ ನ್ಯೂರಮಿನಿಡೇಸ್ ಕತ್ತರಿಸುತ್ತದೆ. ಶ್ವಾಸಮಾರ್ಗದ ಲೋಳೆಯಲ್ಲಿಯೂ ಸಯಾಲಿಕ್ ಆಮ್ಲವಿರುವುದರಿಂದ ವೈರಸ್ ಅಲ್ಲಿ ಸಿಕ್ಕಿಹಾಕಿಕೊಳ್ಳದೆ ಮುಂದೆ ಸಾಗಲು ಈ ಕಿಣ್ವ ನೆರವಾಗುತ್ತದೆ. ಸೋಂಕಿತ ಜೀವಕೋಶದಿಂದ ಹೊಸ ವೈರಸ್ ಕಣಗಳು ಬಿಡಿಸಿಕೊಂಡು ಹೊರಬರಲೂ ಇದು ಅಗತ್ಯ. ಹಿಡಿತ ಅತಿಯಾದರೆ ಹೊಸ ಕಣಗಳು ಜೀವಕೋಶಕ್ಕೇ ಅಂಟಿಕೊಂಡು ಉಳಿಯುತ್ತವೆ. ಕತ್ತರಿಕೆ ಅತಿಯಾದರೆ ವೈರಸ್ ಜೀವಕೋಶಕ್ಕೆ ಅಂಟಲು ಗ್ರಾಹಿಯೇ ಉಳಿಯುವುದಿಲ್ಲ. ಹೀಗಾಗಿ ಒಂದು ಪ್ರೋಟೀನ್‌ನಲ್ಲಿ ಆದ ಉತ್ಪರಿವರ್ತನೆಯನ್ನು ಇನ್ನೊಂದರ ಉತ್ಪರಿವರ್ತನೆಯು ಸರಿದೂಗಿಸುವುದುಂಟು.

ಒಸೆಲ್ಟಾಮಿವಿರ್ ಮತ್ತು ಜನಾಮಿವಿರ್ ಔಷಧಗಳು ನ್ಯೂರಮಿನಿಡೇಸ್‌ನ ಕೆಲಸವನ್ನು ತಡೆಯುತ್ತವೆ. ಎನ್‌1 ಪ್ರಭೇದದ 275ನೆಯ ಸ್ಥಾನದ ಹಿಸ್ಟಿಡಿನ್ ಟೈರೊಸಿನ್ ಆಗಿ ಬದಲಾದರೆ ಒಸೆಲ್ಟಾಮಿವಿರ್ ಪರಿಣಾಮಕಾರಿಯಾಗುವುದಿಲ್ಲ. ಈ ಬದಲಾವಣೆಯಿಂದ ಜೀವಕೋಶದ ಮೇಲ್ಮೈಗೆ ತಲುಪುವ ನ್ಯೂರಮಿನಿಡೇಸ್ ಪ್ರಮಾಣ ಕಡಿಮೆಯಾಗಿ ವೈರಸ್ ದುರ್ಬಲಗೊಳ್ಳುತ್ತದೆಂದು ಮೊದಲು ನಂಬಲಾಗಿತ್ತು. ಆದರೆ 2007-08ರ ನಂತರ ಋತುಮಾನದ ಎಚ್‌1ಎನ್‌1 ವೈರಸ್‌ನಲ್ಲಿ ಈ ನಷ್ಟವನ್ನು ತುಂಬಿಕೊಡುವ ಇತರ ಬದಲಾವಣೆಗಳು ಮೊದಲೇ ಸೇರಿಕೊಂಡಿದ್ದವು. ಇದರಿಂದ ಔಷಧಕ್ಕೆ ಬಗ್ಗದ ತಳಿ ಹಲವು ದೇಶಗಳಲ್ಲಿ ಹರಡಿತು.

ಪ್ರತಿಕಾಯಗಳು ಮತ್ತು ಲಸಿಕೆ

ಲಸಿಕೆಯಿಂದ ಅಥವಾ ಹಿಂದಿನ ಸೋಂಕಿನಿಂದ ಹುಟ್ಟುವ ಪ್ರತಿಕಾಯಗಳಲ್ಲಿ ಹೆಚ್ಚಿನವು ಹೀಮಾಗ್ಲುಟಿನಿನ್‌ನ ತಲೆಗೆ ಅಂಟಿ, ಗ್ರಾಹಿಯ ಕುಳಿಗೆ ಅಡ್ಡಬರುತ್ತವೆ. 1968ರಿಂದ 2003ರವರೆಗಿನ ಎಚ್‌3ಎನ್‌2 ವೈರಸ್‌ಗಳು ಪ್ರತಿಕಾಯಗಳಿಂದ ತಪ್ಪಿಸಿಕೊಂಡ ಪ್ರಮುಖ ಹಂತಗಳಿಗೆ 145, 155, 156, 158, 159, 189 ಮತ್ತು 193 ಎಂಬ ಏಳು ಸ್ಥಾನಗಳ ಬದಲಾವಣೆಗಳೇ ಮುಖ್ಯ ಕಾರಣವೆಂದು 2013ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಈ ಏಳೂ ಸ್ಥಾನಗಳು ಕುಳಿಯ ಅಂಚಿನಲ್ಲಿವೆ. ಆದ್ದರಿಂದ ಪ್ರತಿಕಾಯದಿಂದ ತಪ್ಪಿಸಿಕೊಳ್ಳಲು ಆಗುವ ಬದಲಾವಣೆಯು ಅಂಟುವಿಕೆಯ ಮೇಲೂ ಪರಿಣಾಮ ಬೀರುತ್ತದೆ.

ಇದಕ್ಕೆ ವಿರುದ್ಧ ದಿಕ್ಕಿನ ಸಮಸ್ಯೆಯೂ ಇದೆ. ಬಹುಪಾಲು ಫ್ಲೂ ಲಸಿಕೆಗಳಿಗೆ ಬೇಕಾದ ವೈರಸ್ಸನ್ನು ಕೋಳಿಮೊಟ್ಟೆಯಲ್ಲಿ ಬೆಳೆಸಲಾಗುತ್ತದೆ. ಮೊಟ್ಟೆಯೊಳಗಿನ ಜೀವಕೋಶಗಳಲ್ಲಿ ಆಲ್ಫಾ-2,3 ಗ್ರಾಹಿಗಳು ಹೆಚ್ಚು. ಅವುಗಳಿಗೆ ಹೊಂದಿಕೊಳ್ಳುವಾಗ ವೈರಸ್‌ನ ಕುಳಿಯ ಬಳಿ ಹೊಸ ಉತ್ಪರಿವರ್ತನೆಗಳು ಉಂಟಾಗಿ, ಲಸಿಕೆಯ ವೈರಸ್ ಜನರ ನಡುವೆ ಹರಡುತ್ತಿರುವ ವೈರಸ್‌ಗಿಂತ ಭಿನ್ನವಾಗಬಹುದು. 2016-17ರ ಎಚ್‌3ಎನ್‌2 ಲಸಿಕೆಯಲ್ಲಿ 160ನೆಯ ಸ್ಥಾನದ ಹೊಸ ಸಕ್ಕರೆ ಸರಪಳಿಯು ಮೊಟ್ಟೆಯಲ್ಲಿ ಬೆಳೆಯುವಾಗ ಕಳೆದುಹೋದದ್ದು ಇದಕ್ಕೆ ಪ್ರಸಿದ್ಧ ಉದಾಹರಣೆ.

ಹೀಮಾಗ್ಲುಟಿನಿನ್‌ನ ಕಾಂಡವು ತಲೆಯಷ್ಟು ಬೇಗ ಬದಲಾಗುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವನ್ ವರದರಾಜನ್ ಅವರ ತಂಡವು ತಲೆಯನ್ನು ಬಿಟ್ಟು ಕಾಂಡದ ಭಾಗಗಳನ್ನು ಮಾತ್ರ ಬಳಸಿದ ಲಸಿಕಾ ಪ್ರೋಟೀನ್‌ಗಳನ್ನು ವಿನ್ಯಾಸಗೊಳಿಸಿದೆ. ಅವು ಇಲಿಗಳಿಗೆ ರಕ್ಷಣೆ ನೀಡಿದವೆಂಬ ವರದಿಗಳು 2010 ಮತ್ತು 2014ರಲ್ಲಿ ಪ್ರಕಟವಾದವು.

ಭಾರತ ಮತ್ತು ಕರ್ನಾಟಕ

1918ರ ಮಹಾಸಾಂಕ್ರಾಮಿಕವು ಜೂನ್ ತಿಂಗಳಿನಲ್ಲಿ ಮುಂಬಯಿ ಬಂದರಿನ ಮೂಲಕ ಭಾರತವನ್ನು ಪ್ರವೇಶಿಸಿತು. ದೇಶದಲ್ಲಿ ಅದರಿಂದ ಕೋಟಿಗೂ ಹೆಚ್ಚು ಜನ ಸತ್ತರೆಂದು ಅಂದಾಜಿಸಲಾಗಿದೆ. 2009ರ ಎಚ್‌1ಎನ್‌1 ವೈರಸ್‌ನ ಭಾರತದ ಮೊದಲ ಪ್ರಕರಣ ಅದೇ ವರ್ಷದ ಮೇ ತಿಂಗಳಿನಲ್ಲಿ ಹೈದರಾಬಾದಿನಲ್ಲಿ ದೃಢಪಟ್ಟಿತು. ಕರ್ನಾಟಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಹಾಗೂ ಕರಾವಳಿಯಲ್ಲಿ ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರ ರೋಗಿಗಳ ಮಾದರಿಗಳನ್ನು ಪರೀಕ್ಷಿಸಿದ ಪ್ರಯೋಗಾಲಯಗಳಲ್ಲಿ ಸೇರಿವೆ.

2015ರಲ್ಲಿ ಭಾರತದಲ್ಲಿ ಈ ವೈರಸ್‌ನ ದೊಡ್ಡ ಅಲೆ ಎದ್ದಿತು. ಆ ವರ್ಷ ದೇಶದಲ್ಲಿ 42,000ಕ್ಕೂ ಹೆಚ್ಚು ಪ್ರಕರಣಗಳೂ ಸುಮಾರು 3,000 ಸಾವುಗಳೂ ದಾಖಲಾದವು. ಮಾರ್ಚ್ ತಿಂಗಳಿನಲ್ಲಿ ರಾಮ್ ಶಶಿಶೇಖರನ್ ಮತ್ತು ಕಣ್ಣನ್ ತಾರಕರಾಮನ್ ಅವರು ಎ/ಇಂಡಿಯಾ/6427/2014 ಎಂಬ ವೈರಸ್‌ನ ಹೀಮಾಗ್ಲುಟಿನಿನ್ ಅನ್ನು 2009ರ ವೈರಸ್‌ನೊಂದಿಗೆ ಹೋಲಿಸಿದ ವಿಶ್ಲೇಷಣೆಯನ್ನು ಪ್ರಕಟಿಸಿದರು. ಅದರಲ್ಲಿ 225ನೆಯ ಸ್ಥಾನದ ಬದಲಾವಣೆಯೂ, ಗ್ರಾಹಿಯ ಮೇಲಿನ ಹಿಡಿತವನ್ನು ಬಿಗಿಗೊಳಿಸುವ ಟಿ200ಎ ಬದಲಾವಣೆಯೂ ಇವೆಯೆಂದು ಅವರು ತಿಳಿಸಿದರು. ಅದಕ್ಕೆ ಹಿಂದಿನ ಎರಡು ವರ್ಷಗಳಲ್ಲಿ ಭಾರತದ ಕೇವಲ ಎರಡು ವೈರಸ್‌ಗಳ ಹೀಮಾಗ್ಲುಟಿನಿನ್ ಅನುಕ್ರಮಗಳು ಸಾರ್ವಜನಿಕ ದತ್ತಸಂಗ್ರಹಗಳಿಗೆ ಸೇರಿದ್ದವೆಂಬುದನ್ನೂ ಅವರು ಎತ್ತಿ ತೋರಿಸಿದರು.

ಕೇಂದ್ರ ಆರೋಗ್ಯ ಸಚಿವಾಲಯ ಇದನ್ನು ಒಪ್ಪಲಿಲ್ಲ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ಪರೀಕ್ಷೆಗಳಲ್ಲಿ ಗಮನಾರ್ಹ ಉತ್ಪರಿವರ್ತನೆ ಕಂಡುಬಂದಿಲ್ಲವೆಂದೂ, ಹರಡುತ್ತಿರುವುದು 2009ರ ವೈರಸ್ಸನ್ನೇ ಹೋಲುತ್ತದೆಂದೂ ಅದು ತಿಳಿಸಿತು. ಒಂದು ವೈರಸ್‌ನ ಅನುಕ್ರಮದಿಂದ ಇಡೀ ಅಲೆಯ ಸ್ವರೂಪವನ್ನು ನಿರ್ಣಯಿಸಲಾಗುವುದಿಲ್ಲ. ಅದೇ ರೀತಿ, ಅನುಕ್ರಮಗಳು ಬಹಿರಂಗವಾಗಿ ಲಭ್ಯವಿಲ್ಲದಿದ್ದರೆ ಅಧಿಕೃತ ಹೇಳಿಕೆಯನ್ನು ಇತರ ವಿಜ್ಞಾನಿಗಳು ಪರಿಶೀಲಿಸಲಾಗುವುದಿಲ್ಲ. ರೋಗಿಗಳ ಮಾದರಿಗಳಿಂದ ಅನುಕ್ರಮಗಳನ್ನು ನಿಯಮಿತವಾಗಿ ಪಡೆದು ಹಂಚಿಕೊಳ್ಳುವ ಅಗತ್ಯವನ್ನು ಈ ಚರ್ಚೆ ಮುಂದಿಟ್ಟಿತು.

ಭಾರತದ ಕೋಳಿಗಳಲ್ಲಿ ಎಚ್‌5ಎನ್‌1 ಮೊದಲು ವರದಿಯಾದದ್ದು 2006ರ ಫೆಬ್ರವರಿಯಲ್ಲಿ, ಮಹಾರಾಷ್ಟ್ರದ ನವಾಪುರದಲ್ಲಿ. ಕರ್ನಾಟಕದಲ್ಲಿ 2012ರ ಅಕ್ಟೋಬರಿನಲ್ಲಿ ಬೆಂಗಳೂರು ಸಮೀಪದ ಹೆಸರಘಟ್ಟದ ಕೇಂದ್ರೀಯ ಕುಕ್ಕುಟ ಅಭಿವೃದ್ಧಿ ಸಂಸ್ಥೆಯ ಟರ್ಕಿ ಕೋಳಿಗಳಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿತು. 2020ರ ಮಾರ್ಚಿನಲ್ಲಿ ಮೈಸೂರಿನ ಕುಂಬಾರಕೊಪ್ಪಲು ಮತ್ತು ಹರಿಹರ ತಾಲೂಕಿನ ಬನ್ನಿಕೋಡು ಗ್ರಾಮದಲ್ಲಿ ಅದು ವರದಿಯಾಯಿತು. ಇಂತಹ ಸಂದರ್ಭಗಳಲ್ಲಿ ಸುತ್ತಲಿನ ಕೋಳಿಗಳನ್ನು ಕೊಂದು ಹೂಳುವುದರ ಉದ್ದೇಶ ಸಾಕಣೆದಾರರ ಉಳಿದ ಹಕ್ಕಿಗಳನ್ನು ರಕ್ಷಿಸುವುದಷ್ಟೇ ಅಲ್ಲ. ಸೋಂಕಿತ ಹಕ್ಕಿಗಳನ್ನು ಮುಟ್ಟುವ ಜನರ ದೇಹದಲ್ಲಿ ವೈರಸ್ ಮನುಷ್ಯರ ಗ್ರಾಹಿಗೆ ಹೊಂದಿಕೊಳ್ಳುವ ಅವಕಾಶಗಳನ್ನು ಕಡಿಮೆ ಮಾಡುವುದೂ ಆಗಿದೆ.

ದೇಶದ ಬಹುಭಾಗದಲ್ಲಿ ಫ್ಲೂ ಮಳೆಗಾಲದಲ್ಲಿ ಹೆಚ್ಚುತ್ತದೆ. ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ ಮುಂತಾದ ತಾಲೂಕುಗಳನ್ನು ಒಳಗೊಂಡ ದಕ್ಷಿಣ ಕನ್ನಡದಂತಹ ಪ್ರದೇಶಗಳಲ್ಲಿ ನೈಋತ್ಯ ಮುಂಗಾರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇರುತ್ತದೆ. ಆದ್ದರಿಂದ ಇಲ್ಲಿ ಲಸಿಕೆಯನ್ನು ಏಪ್ರಿಲ್-ಮೇ ತಿಂಗಳುಗಳಲ್ಲಿ ಪಡೆಯುವುದು ಸೂಕ್ತವೆಂದು ಸಂಶೋಧಕರು ಸೂಚಿಸಿದ್ದಾರೆ. 2023ರ ಮಾರ್ಚಿನಲ್ಲಿ ಹಾಸನ ಜಿಲ್ಲೆಯಲ್ಲಿ ಎಚ್‌3ಎನ್‌2 ಸೋಂಕಿನಿಂದ ಸಾವು ವರದಿಯಾದ ನಂತರ ವೃದ್ಧರು ಮತ್ತು ದೀರ್ಘಕಾಲದ ಕಾಯಿಲೆಯುಳ್ಳವರ ಬಗ್ಗೆ ಎಚ್ಚರಿಕೆ ವಹಿಸುವ ಸೂಚನೆಗಳು ಹೊರಟವು.

ಪತ್ತೆಯ ವಿಧಾನಗಳು

ಇನ್‌ಫ್ಲುಯೆಂಜಾ ವೈರಸ್ ಕೋಳಿಯ ಕೆಂಪು ರಕ್ತಕಣಗಳನ್ನು ಗುಂಪುಗೂಡಿಸುತ್ತದೆಂಬುದನ್ನು ಜಾರ್ಜ್ ಹರ್ಸ್ಟ್ 1941ರಲ್ಲಿ ಗುರುತಿಸಿದರು. ಹೀಮಾಗ್ಲುಟಿನಿನ್ ಎಂಬ ಹೆಸರು ಬಂದದ್ದು ಈ ಗುಣದಿಂದ. ಬಟ್ಟಲುಗಳ ಸಾಲಿನಲ್ಲಿ ರಕ್ತಕಣಗಳು ಗುಂಪಾಗುವುದನ್ನು ನೋಡಿ ವೈರಸ್‌ನ ಪ್ರಮಾಣವನ್ನೂ, ಪ್ರತಿಕಾಯಗಳ ಬಲವನ್ನೂ ಅಳೆಯುವ ವಿಧಾನ ಇಂದಿಗೂ ಬಳಕೆಯಲ್ಲಿದೆ. ಆದರೆ ಎಚ್‌3ಎನ್‌2 ವೈರಸ್‌ನ ಗ್ರಾಹಿ ಬಂಧನ ಬದಲಾಗುತ್ತಾ ಬಂದಂತೆ 1990ರ ದಶಕದಿಂದ ಅದು ಕೋಳಿಯ ರಕ್ತಕಣಗಳಿಗೆ ಸರಿಯಾಗಿ ಅಂಟದಾಯಿತು. ಆದ್ದರಿಂದ ಪ್ರಯೋಗಾಲಯಗಳು ಗಿನಿಯಿಲಿ ಮೊದಲಾದ ಪ್ರಾಣಿಗಳ ರಕ್ತಕಣಗಳನ್ನು ಬಳಸತೊಡಗಿದವು. ಜೀವಕೋಶ ಕೃಷಿಯಲ್ಲಿ ಬೆಳೆಸಿದ ಕೆಲವು ಎಚ್‌3ಎನ್‌2 ವೈರಸ್‌ಗಳಲ್ಲಿ ನ್ಯೂರಮಿನಿಡೇಸ್‌ನ 151ನೆಯ ಸ್ಥಾನ ಬದಲಾಗಿ, ಆ ಕಿಣ್ವವೇ ರಕ್ತಕಣಗಳನ್ನು ಹಿಡಿಯತೊಡಗುವುದರಿಂದ ಫಲಿತಾಂಶ ತಪ್ಪಾಗುವ ಸಂಭವವೂ ಇದೆ.

ಈಗ ಬಗೆಬಗೆಯ ಸಕ್ಕರೆ ಸರಪಳಿಗಳನ್ನು ಗಾಜಿನ ಫಲಕದ ಮೇಲೆ ಸಾಲಾಗಿ ನೆಟ್ಟು, ವೈರಸ್ ಯಾವುದನ್ನು ಹಿಡಿಯುತ್ತದೆಂದು ನೋಡುವ ಗ್ಲೈಕಾನ್ ಅರೇ ವಿಧಾನ ಪ್ರಚಲಿತವಾಗಿದೆ. ಹೀಮಾಗ್ಲುಟಿನಿನ್ ಪ್ರೋಟೀನನ್ನು ಮಾತ್ರ ತಯಾರಿಸಿ ಇಂತಹ ಪರೀಕ್ಷೆ ನಡೆಸಬಹುದಾದ್ದರಿಂದ ಅಪಾಯಕಾರಿ ಜೀವಂತ ವೈರಸ್ಸನ್ನು ಬದಲಿಸುವ ಅಗತ್ಯವಿರುವುದಿಲ್ಲ. ವೈರಸ್‌ನ ಅನುಕ್ರಮವನ್ನು ಓದಿದರೆ 190, 225, 226, 228 ಮುಂತಾದ ಸ್ಥಾನಗಳ ಬದಲಾವಣೆ ತಿಳಿಯುತ್ತದೆ. ಆ ಬದಲಾವಣೆಯಿಂದ ಅಂಟುವಿಕೆ ವಾಸ್ತವವಾಗಿ ಬದಲಾಗಿದೆಯೇ ಎಂಬುದನ್ನು ಬಂಧನದ ಪರೀಕ್ಷೆಯಿಂದಲೂ, ಹರಡುವಿಕೆ ಬದಲಾಗಿದೆಯೇ ಎಂಬುದನ್ನು ಪ್ರಾಣಿಗಳ ಮೇಲಿನ ಪ್ರಯೋಗ ಮತ್ತು ಜನರಲ್ಲಿನ ರೋಗದ ಅಂಕಿಅಂಶಗಳಿಂದಲೂ ಖಚಿತಪಡಿಸಿಕೊಳ್ಳಬೇಕಾಗುತ್ತದೆ.